ಅಧಿಕಾರಿಗಳಿಗೂ ಕಟ್ಟಳೆ ವಿಧಿಸಿದ ಅಶೋಕ

ಮಸ್ಕಿ: ರಾಯಚೂರು ಜಿಲ್ಲೆಯ ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಸಿಗುವ ಮಸ್ಕಿ ಪಟ್ಟಣಕ್ಕೆ ಭಾರತದ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. ಇಲ್ಲಿನ ಬೆಟ್ಟದ ಬಂಡೆಯೊಂದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆದ ಕೆಲವೇ ಸಾಲುಗಳ ನಡುವೆ ಅಶೋಕ ಎಂಬ ಹೆಸರಿದೆ. 1915ರ ಜನವರಿ 27ರಂದು ಚಿನ್ನದ ಅದಿರನ್ನು ಹುಡುಕುತ್ತ ಬಂದ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಈ ಶಾಸನ ಬಿತ್ತು. ಎಚ್. ಕೃಷ್ಣಶಾಸ್ತ್ರಿ ಅವರು ಅದನ್ನು ಓದಿ, ಅದೇ ವರ್ಷ ಹೈದರಾಬಾದ್ ಪುರಾತತ್ವ ಗ್ರಂಥಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ಅಲ್ಲಿಯವರೆಗೆ ದೇಶದ ನಾನಾ ಕಡೆ ದೊರೆತಿದ್ದ ಶಾಸನಗಳೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳ ಅರಸನೊಬ್ಬನ ಆಜ್ಞೆಗಳಾಗಿದ್ದವು. ಆ ಅರಸನೇ ಅಶೋಕ ಎಂದು ಹೇಳಲು ಸಿಂಹಳದ ಬೌದ್ಧ ಗ್ರಂಥಗಳ ಆಧಾರವಿತ್ತೇ ಹೊರತು ಕಲ್ಲಿನ ಸಾಕ್ಷ್ಯವಿರಲಿಲ್ಲ. ಮಸ್ಕಿಯ ಬಂಡೆ ಆ ಸಾಕ್ಷ್ಯವನ್ನು ಒದಗಿಸಿತು.

ಕಳಿಂಗ ಯುದ್ಧ, ಆ ಬಳಿಕದ ಪಶ್ಚಾತ್ತಾಪ, ರಸ್ತೆಯ ಇಕ್ಕೆಲದಲ್ಲಿ ನೆಡಿಸಿದ ಸಾಲುಮರಗಳು, ತೋಡಿಸಿದ ಬಾವಿಗಳು - ಶಾಲೆಯ ಪಾಠಗಳಿಂದಾಗಿ ಅಶೋಕನ ಈ ಚಿತ್ರ ಎಲ್ಲರಿಗೂ ಪರಿಚಿತ. ಅವನ ಆಳ್ವಿಕೆಯ ಇನ್ನೊಂದು ಮುಖ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪ್ರಜೆಗಳಿಂದ ವಿಧೇಯತೆಯನ್ನು ಬಯಸಿದ ಈ ಸಾಮ್ರಾಟ, ಪ್ರಜೆಗಳನ್ನು ಹಿಡಿದು ಸೆರೆಗೆ ಹಾಕುವ ಅಧಿಕಾರ ಪಡೆದಿದ್ದ ತನ್ನದೇ ನೌಕರರ ಮೇಲೂ ಕಟ್ಟಳೆ ವಿಧಿಸಿದ್ದ. ಆ ಕಟ್ಟಳೆ ಜನರ ಕಿವಿಗೂ ಬೀಳಬೇಕೆಂದು ಆಜ್ಞಾಪಿಸಿದ್ದ. ಅಧಿಕಾರವನ್ನು ಪ್ರಶ್ನಿಸುವುದು ಮತ್ತು ಕಾನೂನಿಗೆ ತಲೆಬಾಗುವುದು ಇವೆರಡರ ನಡುವಿನ ಎಳೆದಾಟ ಅವನ ಬದುಕಿನುದ್ದಕ್ಕೂ ಕಾಣಿಸುತ್ತದೆ.

ತಕ್ಷಶಿಲೆಯ ಜನರ ದೂರು

ಮೌರ್ಯ ವಂಶದ ಸ್ಥಾಪಕ ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಅಶೋಕ. ಅವನ ಬಾಲ್ಯ ಮತ್ತು ಯೌವನದ ವಿವರಗಳು ದೊರೆಯುವುದು ಅವನು ತೀರಿಕೊಂಡು ಶತಮಾನಗಳಾದ ಮೇಲೆ ರಚನೆಯಾದ ಬೌದ್ಧ ಕೃತಿಗಳಲ್ಲಿ. ಸಂಸ್ಕೃತದ ಅಶೋಕಾವದಾನ, ಸಿಂಹಳದಲ್ಲಿ ಪಾಲಿ ಭಾಷೆಯಲ್ಲಿ ರಚಿತವಾದ ದೀಪವಂಶ ಮತ್ತು ಮಹಾವಂಶ ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಇತಿಹಾಸವೂ ಕಥೆಯೂ ಬೆರೆತಿವೆ. ಶಾಸನಗಳ ಮಾತನ್ನು ನಂಬುವಷ್ಟು ಸುಲಭವಾಗಿ ಇವನ್ನು ನಂಬಲಾಗದು. ಆದರೂ ಅಧಿಕಾರದ ಬಗ್ಗೆ ಅಂದಿನ ಸಮಾಜ ಏನನ್ನು ಯೋಚಿಸುತ್ತಿತ್ತು ಎಂಬುದಕ್ಕೆ ಇವು ಕನ್ನಡಿ ಹಿಡಿಯುತ್ತವೆ.

ಅಶೋಕಾವದಾನದ ಪ್ರಕಾರ ಅಶೋಕನ ಮೈ ಒರಟಾಗಿತ್ತು. ತಂದೆಗೆ ಅವನ ಮೇಲೆ ಅಕ್ಕರೆ ಕಡಿಮೆ. ವಾಯವ್ಯದ ತಕ್ಷಶಿಲೆಯಲ್ಲಿ ದಂಗೆ ಎದ್ದಾಗ ಅದನ್ನು ಅಡಗಿಸಲು ಬಿಂದುಸಾರ ಈ ಮಗನನ್ನೇ ಕಳುಹಿಸಿದ. ಸೈನ್ಯದೊಂದಿಗೆ ಬಂದ ರಾಜಕುಮಾರನನ್ನು ಪಟ್ಟಣದ ಜನ ದಾರಿ ಸಿಂಗರಿಸಿ ಎದುರುಗೊಂಡರು. ತಮಗೆ ಅರಸನ ಮೇಲಾಗಲಿ, ಕುಮಾರನ ಮೇಲಾಗಲಿ ದ್ವೇಷವಿಲ್ಲವೆಂದೂ, ತಮ್ಮನ್ನು ಅವಮಾನಿಸಿ ಪೀಡಿಸುತ್ತಿರುವ ದುಷ್ಟ ಅಮಾತ್ಯರ ವಿರುದ್ಧವಷ್ಟೇ ತಾವು ತಿರುಗಿಬಿದ್ದಿರುವುದೆಂದೂ ಅವರು ಅರಿಕೆ ಮಾಡಿಕೊಂಡರು. ಕತ್ತಿ ಎತ್ತುವ ಪ್ರಸಂಗ ಬರಲಿಲ್ಲ. ದಂಗೆಕೋರರೆಂಬ ಹಣೆಪಟ್ಟಿ ಹೊತ್ತಿದ್ದವರು ವಾಸ್ತವದಲ್ಲಿ ದೂರುದಾರರಾಗಿದ್ದರು. ಈ ಘಟನೆ ಹೀಗೆಯೇ ನಡೆಯಿತೆಂದು ಹೇಳಲಾಗದಿದ್ದರೂ, ಮುಂದೆ ಅಶೋಕ ತನ್ನ ಅಧಿಕಾರಿಗಳಿಗೆ ಬರೆಸಿದ ಆಜ್ಞೆಯಲ್ಲಿ ತಕ್ಷಶಿಲೆಯ ಹೆಸರು ಮತ್ತೆ ಬರುವುದು ಗಮನಿಸಬೇಕಾದ ಸಂಗತಿ.

ಬಳಿಕ ಅವನು ಉಜ್ಜಯಿನಿಯಲ್ಲಿ ತಂದೆಯ ಪ್ರತಿನಿಧಿಯಾಗಿ ಆಡಳಿತ ನಡೆಸಿದ. ವಿದಿಶೆಯ ವರ್ತಕನ ಮಗಳು ದೇವಿಯನ್ನು ವರಿಸಿದ್ದು ಈ ಅವಧಿಯಲ್ಲಿ ಎಂದು ಸಿಂಹಳದ ಗ್ರಂಥಗಳು ಹೇಳುತ್ತವೆ. ಮುಂದೆ ಸಿಂಹಳಕ್ಕೆ ಬೌದ್ಧ ಧರ್ಮವನ್ನು ಕೊಂಡೊಯ್ದ ಮಹಿಂದ ಮತ್ತು ಸಂಘಮಿತ್ತಾ ಆಕೆಯ ಮಕ್ಕಳು.

ಮುಳ್ಳಿನ ಮರ ಉಳಿಸಿದ ಆಜ್ಞೆ

ಬಿಂದುಸಾರನ ಮರಣದ ನಂತರ ಸಿಂಹಾಸನಕ್ಕಾಗಿ ಸಂಘರ್ಷ ನಡೆಯಿತು. ಕ್ರಿ.ಪೂ. 268ರ ಸುಮಾರಿಗೆ ಅಶೋಕನಿಗೆ ಪಟ್ಟಾಭಿಷೇಕವಾಯಿತು. ಅವನು 99 ಮಂದಿ ಸಹೋದರರನ್ನು ಕೊಂದನೆಂಬ ಸಿಂಹಳದ ಕಥೆ ಅತಿಶಯೋಕ್ತಿ. ಪಟ್ಟಕ್ಕೆ ಬಂದು 13 ವರ್ಷಗಳಾದ ಮೇಲಿನ ಸಂಗತಿಗಳನ್ನು ತಿಳಿಸುವ ಐದನೆಯ ಬಂಡೆಶಾಸನದಲ್ಲಿ ಅವನ ಸಹೋದರ ಸಹೋದರಿಯರ ಮನೆತನಗಳ ಪ್ರಸ್ತಾಪವಿದೆ.

ಆರಂಭದ ದಿನಗಳ ಅಶೋಕನನ್ನು ಚಂಡಾಶೋಕನೆಂದು ಬೌದ್ಧ ಕಥೆಗಳು ಕರೆಯುತ್ತವೆ. ಅಮಾತ್ಯರು ತನ್ನನ್ನು ಲಘುವಾಗಿ ಕಾಣುತ್ತಿದ್ದಾರೆಂದು ಶಂಕಿಸಿದ ಅವನು ಅವರ ವಿಧೇಯತೆಯನ್ನು ಪರೀಕ್ಷಿಸಲು ವಿಚಿತ್ರವಾದ ಅಪ್ಪಣೆಯೊಂದನ್ನು ಕೊಟ್ಟನಂತೆ. ಹೂವು ಹಣ್ಣಿನ ಮರಗಳನ್ನೆಲ್ಲ ಕಡಿದು ಮುಳ್ಳಿನ ಮರಗಳನ್ನು ಮಾತ್ರ ಉಳಿಸಬೇಕು ಎಂಬುದು ಆ ಅಪ್ಪಣೆ. ಇದು ತಲೆಕೆಳಗಾಗಿದೆ, ಮುಳ್ಳುಮರಗಳನ್ನು ಕಡಿದು ಹಣ್ಣಿನ ಮರಗಳನ್ನು ಉಳಿಸಬೇಕಲ್ಲವೇ ಎಂದು ಅಮಾತ್ಯರು ಮೂರು ಬಾರಿ ವಿನಯದಿಂದ ತಿದ್ದಿದರು. ಅದಕ್ಕೆ ಪ್ರತಿಯಾಗಿ 500 ಅಮಾತ್ಯರ ತಲೆಗಳು ಉರುಳಿದವು ಎನ್ನುತ್ತದೆ ಕಥೆ. ಅವಿವೇಕದ ಆಜ್ಞೆಯನ್ನು ಪ್ರಶ್ನಿಸುವುದು ಸೇವಕನ ಕರ್ತವ್ಯವೇ, ಅಪರಾಧವೇ ಎಂಬ ಪ್ರಶ್ನೆಯನ್ನು ಕಥೆಗಾರರು ಹೀಗೆ ಮುಂದಿಟ್ಟರು.

ಇದೇ ಗ್ರಂಥದಲ್ಲಿ ಇದಕ್ಕೆ ಜೋಡಿಯಾದ ಮತ್ತೊಂದು ಪ್ರಸಂಗವಿದೆ. ಬೌದ್ಧನಾದ ಮೇಲೆ ಅಶೋಕ ಯಾವ ಜಾತಿಯ ಭಿಕ್ಷು ಎಂದು ನೋಡದೆ ಎಲ್ಲರಿಗೂ ತಲೆಬಾಗಿಸಿ ನಮಿಸುತ್ತಿದ್ದುದನ್ನು ಯಶಸ್ ಎಂಬ ಅಮಾತ್ಯ ಆಕ್ಷೇಪಿಸಿದ. ಈ ಬಾರಿ ಅರಸ ಕತ್ತಿ ಹಿರಿಯಲಿಲ್ಲ. ಪ್ರಾಣಿಗಳ ತಲೆಗಳನ್ನೂ ಮನುಷ್ಯನ ತಲೆಯೊಂದನ್ನೂ ಸಂತೆಯಲ್ಲಿ ಮಾರಿಸಲು ಹೇಳಿದ. ಪ್ರಾಣಿಗಳ ತಲೆ ಮಾರಾಟವಾದವು. ಮನುಷ್ಯನ ತಲೆಯನ್ನು ಪುಕ್ಕಟೆ ಕೊಟ್ಟರೂ ಯಾರೂ ಕೊಳ್ಳಲಿಲ್ಲ. ಅರಸನ ತಲೆಗೂ ಇದೇ ಗತಿಯಾದ ಮೇಲೆ ಅದನ್ನು ಬಾಗಿಸುವುದರಲ್ಲಿ ನಷ್ಟವೇನೆಂದು ಅವನು ಅಮಾತ್ಯನಿಗೆ ಮನಗಾಣಿಸಿದ. ಪ್ರಶ್ನಿಸಿದವನನ್ನು ಕೊಲ್ಲುತ್ತಿದ್ದ ಅರಸ ಪ್ರಶ್ನೆಗೆ ಉತ್ತರ ಕೊಡುವ ಅರಸನಾದ ಎಂಬುದೇ ಈ ಎರಡು ಕಥೆಗಳ ನಡುವಿನ ದಾರಿ.

ಕಳಿಂಗದ ಲೆಕ್ಕ

ಪಟ್ಟಾಭಿಷೇಕವಾಗಿ 8 ವರ್ಷಗಳಾದ ಮೇಲೆ ನಡೆದ ಕಳಿಂಗ ಯುದ್ಧದ ವಿವರ ಮಾತ್ರ ಕಥೆಯಲ್ಲ. ಅದು ಅಶೋಕನದೇ ಹೇಳಿಕೆ. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಒಂದು ಲಕ್ಷ ಜನ ಕೊಲ್ಲಲ್ಪಟ್ಟರು, ಅದರ ಹಲವು ಪಟ್ಟು ಜನ ಸತ್ತರು ಎಂದು ಹದಿಮೂರನೆಯ ಬಂಡೆಶಾಸನ ತಿಳಿಸುತ್ತದೆ. ಗೆದ್ದ ಅರಸನೊಬ್ಬ ಗೆಲುವಿನ ಲೆಕ್ಕವನ್ನು ಸಾವಿನ ಸಂಖ್ಯೆಯಲ್ಲಿ ಕೊಟ್ಟು, ಅದಕ್ಕಾಗಿ ನೊಂದೆನೆಂದು ಬರೆಸಿದ್ದು ಪ್ರಾಚೀನ ಜಗತ್ತಿನಲ್ಲಿ ವಿರಳ. ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಈ ಶಾಸನವನ್ನು ಕೆತ್ತಿಸಲಿಲ್ಲ. ಅದರ ಬದಲಿಗೆ ಅಲ್ಲಿ ಬೇರೆ ಎರಡು ಶಾಸನಗಳನ್ನು ಬರೆಸಲಾಯಿತು. ಪ್ರತ್ಯೇಕ ಶಾಸನಗಳೆಂದು ವಿದ್ವಾಂಸರು ಕರೆಯುವ ಇವುಗಳಲ್ಲಿ ಮೊದಲನೆಯದು ನೇರವಾಗಿ ಸರ್ಕಾರಿ ನೌಕರರನ್ನು ಉದ್ದೇಶಿಸಿದ್ದು.

ಇದೇ ಶಾಸನದ ಭಾಗಗಳು ಕರ್ನಾಟಕದಲ್ಲೂ ದೊರೆತಿವೆ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮಾ ನದಿಯ ದಡದಲ್ಲಿರುವ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಕಾ ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಕಲ್ಲೊಂದು 1980ರ ದಶಕದಲ್ಲಿ ಬೆಳಕಿಗೆ ಬಂತು. ಅದರ ಒಂದು ಬದಿಯಲ್ಲಿ ಹನ್ನೆರಡು ಮತ್ತು ಹದಿನಾಲ್ಕನೆಯ ಶಾಸನಗಳ ಭಾಗಗಳು, ಇನ್ನೊಂದು ಬದಿಯಲ್ಲಿ ಎರಡು ಪ್ರತ್ಯೇಕ ಶಾಸನಗಳ ಭಾಗಗಳು ಇದ್ದವು. ಕಳಿಂಗಕ್ಕಷ್ಟೇ ಸೀಮಿತವೆಂದು ಭಾವಿಸಲಾಗಿದ್ದ ಆಜ್ಞೆ ದಖ್ಖನಿನ ನೆಲದಲ್ಲೂ ಜಾರಿಯಲ್ಲಿತ್ತು ಎಂಬುದು ಇದರಿಂದ ಸ್ಪಷ್ಟವಾಯಿತು.

ಸೆರೆಗೆ ಹಾಕುವವರಿಗೆ ಎಚ್ಚರಿಕೆ

ಧೌಲಿ ಮತ್ತು ಜೌಗಡದ ಪಾಠಗಳಿಂದ ಈ ಆಜ್ಞೆಯ ಪೂರ್ಣ ರೂಪ ತಿಳಿಯುತ್ತದೆ. ನಗರದಲ್ಲಿ ನ್ಯಾಯ ವಿಚಾರಣೆ ನಡೆಸುವ ಮಹಾಮಾತ್ರರಿಗೆ ಇದು ಸಂಬೋಧಿತವಾಗಿದೆ. ಇಂದಿನ ಪೊಲೀಸ್ ಅಧಿಕಾರಿ ಮತ್ತು ದಂಡಾಧಿಕಾರಿ ಇಬ್ಬರ ಕೆಲಸವೂ ಬಹುಮಟ್ಟಿಗೆ ಅವರ ಕೈಯಲ್ಲೇ ಇತ್ತು. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದು ಹೇಳಿದ ಅಶೋಕ, ತನ್ನ ಈ ಮಾತಿನ ಅರ್ಥ ಅಧಿಕಾರಿಗಳಿಗೆ ಪೂರ್ತಿಯಾಗಿ ತಿಳಿದಿಲ್ಲ, ತಿಳಿದ ಕೆಲವರಿಗೂ ಅರೆಬರೆ ತಿಳಿದಿದೆ ಎಂದು ಮುಲಾಜಿಲ್ಲದೆ ಬರೆಸಿದ. ಯಾರೋ ಒಬ್ಬನನ್ನು ಕಾರಣವಿಲ್ಲದೆ ಸೆರೆಗೆ ಹಾಕುವುದು ಅಥವಾ ಹಿಂಸಿಸುವುದು ನಡೆಯುತ್ತಿದೆ, ಅದರಿಂದ ಇನ್ನೂ ಅನೇಕರು ನೋಯುತ್ತಾರೆ ಎಂಬುದನ್ನು ಸಾಮ್ರಾಟನೇ ಅಧಿಕೃತವಾಗಿ ಒಪ್ಪಿಕೊಂಡಿದ್ದಾನೆ. ತನ್ನ ಆಡಳಿತದಲ್ಲಿ ತಪ್ಪೇ ನಡೆಯದೆಂದು ಅವನು ಸಾಧಿಸಲಿಲ್ಲ.

ಇಂತಹ ಅನ್ಯಾಯಕ್ಕೆ ಕಾರಣಗಳನ್ನೂ ಅವನು ಪಟ್ಟಿ ಮಾಡಿದ. ಅಸೂಯೆ, ಬೇಗನೆ ಬರುವ ಸಿಟ್ಟು, ಕ್ರೌರ್ಯ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ ಮತ್ತು ಆಯಾಸ - ಈ ಏಳು ದೋಷಗಳಿಂದ ಅಧಿಕಾರಿಗಳು ದೂರವಿರಬೇಕು. ಸಿಟ್ಟು ಮತ್ತು ಆತುರ ಇಲ್ಲದಿರುವುದೇ ಇವೆಲ್ಲಕ್ಕೂ ಮೂಲವೆಂದು ಶಾಸನ ತಿಳಿಸುತ್ತದೆ. ಆಯಾಸವನ್ನು ಈ ಪಟ್ಟಿಯಲ್ಲಿ ಸೇರಿಸಿರುವುದರಲ್ಲಿ ಆಡಳಿತಗಾರನ ಅನುಭವವಿದೆ. ದಣಿದ ಅಧಿಕಾರಿಯ ಅಸಡ್ಡೆಯಿಂದಲೂ ನಿರಪರಾಧಿ ಸೆರೆ ಸೇರಬಹುದು ಎಂಬುದನ್ನು ಉಜ್ಜಯಿನಿಯಲ್ಲಿ ಆಡಳಿತ ನಡೆಸಿ ಬಂದವನು ಬಲ್ಲವನಾಗಿದ್ದ.

ಬರೀ ಉಪದೇಶಕ್ಕೆ ಆಜ್ಞೆ ನಿಲ್ಲುವುದಿಲ್ಲ. ತಪಾಸಣೆಯ ಏರ್ಪಾಡೂ ಇತ್ತು. ಒರಟನಲ್ಲದ, ಸೌಮ್ಯ ಸ್ವಭಾವದ ಮಹಾಮಾತ್ರನೊಬ್ಬನನ್ನು ಐದು ವರ್ಷಗಳಿಗೊಮ್ಮೆ ಪ್ರವಾಸಕ್ಕೆ ಕಳುಹಿಸುವುದಾಗಿ ಅಶೋಕ ತಿಳಿಸಿದ. ಉಜ್ಜಯಿನಿಯ ರಾಜಕುಮಾರನೂ ಮೂರು ವರ್ಷ ಮೀರದಂತೆ ಇಂಥವರನ್ನು ಕಳುಹಿಸಬೇಕು, ತಕ್ಷಶಿಲೆಯಿಂದಲೂ ಹಾಗೆಯೇ ಕಳುಹಿಸಬೇಕು ಎಂದು ವಿಧಿಸಿದ. ಅಮಾತ್ಯರ ವಿರುದ್ಧ ದೂರು ಕೇಳಿಬಂದಿತ್ತೆಂದು ಕಥೆ ಹೇಳುವ ತಕ್ಷಶಿಲೆ ಇಲ್ಲಿ ತಪಾಸಣೆಯ ವ್ಯಾಪ್ತಿಗೆ ಬಂದಿದೆ.

ಎಲ್ಲಕ್ಕಿಂತ ಮುಖ್ಯವಾದುದು ಆಜ್ಞೆಯ ಕೊನೆಯ ಭಾಗ. ತಿಷ್ಯ ನಕ್ಷತ್ರದ ದಿನಗಳಲ್ಲಿ ಈ ಶಾಸನವನ್ನು ಗಟ್ಟಿಯಾಗಿ ಓದಿಸಿ ಕೇಳಬೇಕು. ನಡುನಡುವೆ ಸಂದರ್ಭ ಬಂದಾಗ ಒಬ್ಬನೇ ಒಬ್ಬನಿದ್ದರೂ ಓದಬೇಕು. ಓದುಬರಹ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ, ಅಧಿಕಾರಿಗೆ ವಿಧಿಸಿದ ಕಟ್ಟಳೆ ಪೇಟೆಯ ಬೀದಿಯಲ್ಲಿ ನಿಂತವನಿಗೂ ತಿಳಿಯುವ ಅವಕಾಶ ಇದರಿಂದ ದೊರೆಯಿತು. ತನ್ನನ್ನು ಹಿಡಿದವನು ಯಾವ ನಿಯಮಕ್ಕೆ ಬದ್ಧ ಎಂಬುದು ಗೊತ್ತಿದ್ದರೆ ಮಾತ್ರ ಪ್ರಜೆ ಅವನನ್ನು ಪ್ರಶ್ನಿಸಬಲ್ಲ. ಪ್ರಶ್ನಿಸುವ ಹಕ್ಕನ್ನು ಅಶೋಕ ಬಾಯಿಬಿಟ್ಟು ಕೊಡಲಿಲ್ಲ. ಪ್ರಶ್ನೆಗೆ ಬೇಕಾದ ತಿಳಿವಳಿಕೆಯನ್ನು ಕೊಟ್ಟ.

ಚಿನ್ನದ ನಾಡಿನಲ್ಲಿ

ಮೌರ್ಯರ ದಕ್ಷಿಣ ಪ್ರಾಂತ್ಯದ ರಾಜಧಾನಿಯ ಹೆಸರು ಸುವರ್ಣಗಿರಿ. ಅಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರ ಮೂಲಕ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಆಜ್ಞೆ ರವಾನೆಯಾದುದನ್ನು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನ ದಾಖಲಿಸಿದೆ. ಸುವರ್ಣಗಿರಿ ಎಲ್ಲಿತ್ತು ಎಂಬ ಬಗ್ಗೆ ಒಮ್ಮತವಿಲ್ಲ. ಕೆಲವರು ಮಸ್ಕಿಯನ್ನು, ಕೆಲವರು ಕೊಪ್ಪಳ ಜಿಲ್ಲೆಯ ಕನಕಗಿರಿಯನ್ನು, ಇನ್ನು ಕೆಲವರು ಆಂಧ್ರದ ಜೊನ್ನಗಿರಿಯನ್ನು ಹೆಸರಿಸಿದ್ದಾರೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನದ ಗಣಿ ನಡೆಯುತ್ತಿದೆ. ಅಲ್ಲಿ ಪ್ರಾಚೀನರು ತೋಡಿದ ಗುಂಡಿಗಳ ಗುರುತುಗಳೂ ಸಿಕ್ಕಿವೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬ್ ಪ್ರದೇಶ ಪಾಟಲಿಪುತ್ರದ ಅರಸರಿಗೆ ಬೇಕಾದುದಕ್ಕೆ ಚಿನ್ನವೂ ಒಂದು ಕಾರಣವಾಗಿದ್ದಿರಬೇಕು. ಇಂದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಕಣಜವೆನಿಸಿರುವ ಸಿಂಧನೂರು ಸೀಮೆಯೂ ಇದೇ ದೋಆಬಿನ ಭಾಗ. 1954ರಲ್ಲಿ ಬಿ.ಕೆ. ಥಾಪರ್ ಅವರು ಮಸ್ಕಿಯಲ್ಲಿ ನಡೆಸಿದ ಉತ್ಖನನದಿಂದ, ಅಶೋಕನಿಗಿಂತ ಬಹಳ ಹಿಂದಿನಿಂದಲೇ ಇಲ್ಲಿ ಜನವಸತಿ ಇತ್ತೆಂಬುದು ಖಚಿತವಾಯಿತು.

ಇಂತಹ ನೆಲದ ಜನರಿಗೆ ದೂರದ ಅರಸ ಏನು ಹೇಳಿಸಿದ? ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಗಳು ಸಂದಿವೆ ಎಂಬುದು ಮಸ್ಕಿ ಶಾಸನದ ಮೊದಲ ಮಾತು. ಧರ್ಮದಲ್ಲಿ ನಿಷ್ಠೆಯಿಂದ ತೊಡಗಿದರೆ ಸಣ್ಣವನಿಗೂ ಉನ್ನತಿ ಸಾಧ್ಯ, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಬೇಕು ಎಂಬುದು ಅದರ ತಿರುಳು. ಬ್ರಹ್ಮಗಿರಿಯಲ್ಲಿ ಇದಕ್ಕೆ ಮತ್ತೊಂದು ಭಾಗ ಸೇರಿದೆ. ತಾಯಿ ತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಅಲ್ಲಿ ಬೋಧಿಸಲಾಗಿದೆ. ವಿಧೇಯತೆ ಅಶೋಕನ ಧರ್ಮದ ಮೊದಲ ಪಾಠವೇ ಆಗಿತ್ತು. ಆದರೆ ಸಣ್ಣವರು ವಿಧೇಯರಾಗಿರಲಿ, ದೊಡ್ಡವರು ಮನಬಂದಂತಿರಲಿ ಎಂಬ ಅರ್ಥ ಅದಕ್ಕಿರಲಿಲ್ಲ. ಗುಲಾಮರು ಮತ್ತು ಆಳುಗಳೊಂದಿಗೆ ಸರಿಯಾಗಿ ನಡೆದುಕೊಳ್ಳುವುದನ್ನೂ ಅವನು ಇದೇ ಧರ್ಮದೊಳಗೆ ಸೇರಿಸಿದ್ದ.

ಮೂರು ದಿನಗಳ ಬಿಡುವು

ಅರಸನ ಆಜ್ಞೆಯನ್ನು ಅರಮನೆಯೊಳಗೇ ಚರ್ಚಿಸಲು ಅವಕಾಶವಿತ್ತು ಎಂಬುದಕ್ಕೆ ಆರನೆಯ ಬಂಡೆಶಾಸನ ಸಾಕ್ಷಿ. ಜನರ ಅಹವಾಲುಗಳನ್ನು ವರದಿಗಾರರು ಯಾವ ಹೊತ್ತಿನಲ್ಲಾದರೂ, ತಾನು ಊಟ ಮಾಡುತ್ತಿದ್ದರೂ, ಅಂತಃಪುರದಲ್ಲಿದ್ದರೂ, ಉದ್ಯಾನದಲ್ಲಿದ್ದರೂ ತಂದು ಹೇಳಬೇಕೆಂದು ಅಶೋಕ ವಿಧಿಸಿದ. ತಾನು ಬಾಯಿಮಾತಿನಲ್ಲಿ ಕೊಟ್ಟ ಅಪ್ಪಣೆಯ ಬಗ್ಗೆ ಪರಿಷತ್ತಿನಲ್ಲಿ ಭಿನ್ನಾಭಿಪ್ರಾಯ ಬಂದರೆ ಅದನ್ನು ಮುಚ್ಚಿಡದೆ ತಕ್ಷಣವೇ ತನಗೆ ತಿಳಿಸಬೇಕೆಂದೂ ಸೂಚಿಸಿದ. ಮುಳ್ಳುಮರದ ಕಥೆಯ ಅರಸನಿಗೂ ಈ ಶಾಸನದ ಅರಸನಿಗೂ ಇರುವ ಅಂತರ ದೊಡ್ಡದು.

ಪಟ್ಟಕ್ಕೆ ಬಂದು 13 ವರ್ಷಗಳಾದ ಮೇಲೆ ಅವನು ಧರ್ಮಮಹಾಮಾತ್ರರೆಂಬ ಹೊಸ ಅಧಿಕಾರಿಗಳನ್ನು ನೇಮಿಸಿದ. ಅವರ ಕೆಲಸಗಳಲ್ಲಿ ಸೆರೆಯಾಳುಗಳ ನೆರವೂ ಒಂದು. ಮಕ್ಕಳೊಂದಿಗ, ಇತರರ ಪ್ರಚೋದನೆಗೆ ಸಿಕ್ಕವನು, ವೃದ್ಧ - ಇಂಥವರ ಬಿಡುಗಡೆಗೆ ಅವರು ಶ್ರಮಿಸಬೇಕಿತ್ತು. 26 ವರ್ಷಗಳಾದ ಮೇಲೆ ಬರೆಸಿದ ಸ್ತಂಭಶಾಸನಗಳಲ್ಲಿ ಇನ್ನೂ ಎರಡು ಮಹತ್ವದ ಅಂಶಗಳಿವೆ. ಆವರೆಗೆ 25 ಬಾರಿ ಸೆರೆಯಾಳುಗಳನ್ನು ಬಿಡುಗಡೆ ಮಾಡಲಾಗಿದೆ ಎಂಬುದು ಒಂದು. ಲಕ್ಷಾಂತರ ಜನರ ಮೇಲ್ವಿಚಾರಣೆ ಹೊಂದಿದ್ದ ರಾಜುಕರು ನ್ಯಾಯ ವಿಚಾರಣೆಯಲ್ಲೂ ಶಿಕ್ಷೆಯಲ್ಲೂ ಏಕರೂಪತೆ ಪಾಲಿಸಬೇಕು ಎಂಬುದು ಇನ್ನೊಂದು. ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಬಿಡುವನ್ನೂ ಅವನು ಗೊತ್ತುಪಡಿಸಿದ. ಆ ಅವಧಿಯಲ್ಲಿ ಬಂಧುಗಳು ಮರುಪರಿಶೀಲನೆಗೆ ಮೊರೆಯಿಡಬಹುದಿತ್ತು. ಅದು ಫಲಿಸದಿದ್ದರೆ ಅಪರಾಧಿ ದಾನ, ಉಪವಾಸಗಳಿಂದ ಪರಲೋಕಕ್ಕೆ ಸಿದ್ಧನಾಗಬಹುದಿತ್ತು.

ಪಾಲಿಸಿದವನ ಪಾಪ ಯಾರಿಗೆ?

ಅಶೋಕನನ್ನು ಇಂದಿನ ಅರ್ಥದ ಪ್ರಜಾಪ್ರಭುತ್ವವಾದಿಯೆಂದು ಬಿಂಬಿಸಿದರೆ ತಪ್ಪಾಗುತ್ತದೆ. ಮರಣದಂಡನೆಯನ್ನು ಅವನು ರದ್ದುಪಡಿಸಲಿಲ್ಲ. ಕಳಿಂಗಕ್ಕಾಗಿ ನೊಂದ ಶಾಸನದಲ್ಲೇ ಕಾಡಿನ ಜನರಿಗೆ ಎಚ್ಚರಿಕೆಯಿದೆ. ತಾನು ಪಶ್ಚಾತ್ತಾಪಪಟ್ಟಿದ್ದರೂ ದಂಡಿಸುವ ಬಲ ತನ್ನಲ್ಲಿದೆ ಎಂದು ಅವರಿಗೆ ನೆನಪಿಸಲಾಗಿದೆ. ಪರಮತವನ್ನು ಹೀಗಳೆಯದೆ ಮಾತಿನಲ್ಲಿ ಸಂಯಮವಿರಲಿ ಎಂದು ಹನ್ನೆರಡನೆಯ ಶಾಸನದಲ್ಲಿ ಎಲ್ಲ ಪಂಥಗಳಿಗೂ ಹೇಳಿದ ಅವನೇ, ಬೌದ್ಧ ಸಂಘದಲ್ಲಿ ಒಡಕು ತರುವ ಭಿಕ್ಷು ಭಿಕ್ಷುಣಿಯರಿಗೆ ಬಿಳಿಬಟ್ಟೆ ತೊಡಿಸಿ ಹೊರಹಾಕಬೇಕೆಂದು ಸಾರನಾಥ, ಸಾಂಚಿ ಮೊದಲಾದ ಕಡೆ ಬರೆಸಿದ.

ಸಂಘದ ಈ ಜಗಳದ ಹಿನ್ನೆಲೆಯಲ್ಲಿ ಮಹಾವಂಶ ಒಂದು ಘೋರ ಪ್ರಸಂಗವನ್ನು ಹೇಳುತ್ತದೆ. ಪಾಟಲಿಪುತ್ರದ ಅಶೋಕಾರಾಮದಲ್ಲಿ ಭಿಕ್ಷುಗಳ ನಡುವೆ ವೈಮನಸ್ಯ ಬೆಳೆದು ಏಳು ವರ್ಷ ಉಪೋಸಥ ವಿಧಿ ನಿಂತುಹೋಗಿತ್ತು. ಅದನ್ನು ಬಗೆಹರಿಸಿ ವಿಧಿ ನಡೆಯುವಂತೆ ಮಾಡಲು ಅಶೋಕ ಒಬ್ಬ ಅಮಾತ್ಯನನ್ನು ಕಳುಹಿಸಿದ. ಅಮಾತ್ಯ ಅದನ್ನು ಬಲಪ್ರಯೋಗಕ್ಕೆ ದೊರೆತ ಅಪ್ಪಣೆಯೆಂದು ತಿಳಿದ. ಒಪ್ಪದ ಭಿಕ್ಷುಗಳನ್ನು ಕುಳಿತ ಸಾಲಿನಲ್ಲೇ ಒಬ್ಬೊಬ್ಬರಾಗಿ ಕಡಿಯುತ್ತ ಹೋದ. ಭಿಕ್ಷುವಾಗಿದ್ದ ಅರಸನ ತಮ್ಮ ತಿಸ್ಸ ಮುಂದೆ ಬಂದು ಆ ಸಾಲಿನಲ್ಲಿ ಕುಳಿತಾಗಲೇ ಕತ್ತಿ ನಿಂತದ್ದು.

ಸುದ್ದಿ ತಿಳಿದ ಅಶೋಕ ತತ್ತರಿಸಿದ. ಈ ಪಾಪ ಆಜ್ಞೆ ಕೊಟ್ಟವನದೋ, ಅದನ್ನು ಪಾಲಿಸಿದವನದೋ ಎಂದು ಭಿಕ್ಷುಗಳನ್ನು ವಿಚಾರಿಸಿದ. ಉತ್ತರಗಳು ಒಂದೇ ಆಗಿರಲಿಲ್ಲ. ಕೊನೆಗೆ ಮೊಗ್ಗಲಿಪುತ್ತ ತಿಸ್ಸನೆಂಬ ಹಿರಿಯ ಭಿಕ್ಷು, ಕೆಟ್ಟ ಉದ್ದೇಶವಿಲ್ಲದಿದ್ದರೆ ಪಾಪವಿಲ್ಲವೆಂದು ಸಮಾಧಾನ ಹೇಳಿದ. ಅರಸನ ಮನಸ್ಸಿಗೆ ಆ ಉತ್ತರ ಸಾಕಾಯಿತು. ಸತ್ತ ಭಿಕ್ಷುಗಳ ಪರವಾಗಿ ನೋಡಿದರೆ ಅದು ಸಾಲದು. ಅಸ್ಪಷ್ಟವಾದ ಆಜ್ಞೆ ಮತ್ತು ವಿವೇಚನೆಯಿಲ್ಲದ ಪಾಲನೆ ಎರಡೂ ಸೇರಿದಾಗ ಒಳ್ಳೆಯ ಉದ್ದೇಶ ಯಾರನ್ನೂ ಕಾಪಾಡಲಿಲ್ಲ.

ಅಶೋಕನ ಮಗ ಕುಣಾಲನ ಕಥೆಯೂ ಇದೇ ಜಾಡಿನದು. ಕಣ್ಣುಗಳ ಚೆಲುವಿಗೆ ಹೆಸರಾದ ಕುಣಾಲನನ್ನು ದಂಗೆ ಶಮನಕ್ಕೆಂದು ತಕ್ಷಶಿಲೆಗೆ ಕಳುಹಿಸಲಾಗಿತ್ತು. ಅವನಿಂದ ತಿರಸ್ಕೃತಳಾಗಿದ್ದ ಮಲತಾಯಿ ತಿಷ್ಯರಕ್ಷಿತೆ, ಅರಸನ ಕಾಯಿಲೆ ವಾಸಿಮಾಡಿದ್ದಕ್ಕೆ ಏಳು ದಿನಗಳ ರಾಜ್ಯಭಾರವನ್ನು ವರವಾಗಿ ಪಡೆದಳು. ಕುಮಾರನ ಕಣ್ಣು ಕೀಳಿಸಬೇಕೆಂಬ ಓಲೆಗೆ ನಿದ್ರಿಸುತ್ತಿದ್ದ ಅಶೋಕನ ಮುದ್ರೆಯೊತ್ತಿ ರವಾನಿಸಿದಳು. ತಕ್ಷಶಿಲೆಯ ಜನ ಹಿಂಜರಿದರು. ಕಣ್ಣು ಕೀಳಲು ಮೊದಲು ಯಾರೂ ಒಪ್ಪಲಿಲ್ಲ. ತಂದೆಯ ಮುದ್ರೆಯಿದೆಯೆಂದು ಕುಣಾಲನೇ ಒತ್ತಾಯಿಸಿ ಕಣ್ಣು ಕೀಳಿಸಿಕೊಂಡ. ಓಲೆ ನಿಜವೇ ಎಂದು ಪಾಟಲಿಪುತ್ರಕ್ಕೆ ಯಾರೂ ಕೇಳಿ ಕಳುಹಿಸಲಿಲ್ಲ. ಕಥೆ ಕುಣಾಲನ ಪಿತೃಭಕ್ತಿಯನ್ನು ಕೊಂಡಾಡುತ್ತದೆ. ಜೊತೆಗೆ ಮುದ್ರೆ ಕಂಡೊಡನೆ ಪ್ರಶ್ನೆ ನಿಲ್ಲಿಸುವುದರ ಬೆಲೆಯನ್ನೂ ತೋರಿಸುತ್ತದೆ.

ಅರ್ಧ ನೆಲ್ಲಿಕಾಯಿ

ಕೊನೆಗಾಲದ ಅಶೋಕನ ಆಜ್ಞೆಗೇ ಬೆಲೆ ಉಳಿಯಲಿಲ್ಲ ಎನ್ನುತ್ತದೆ ಅಶೋಕಾವದಾನ. ಸಂಘಕ್ಕೆ 100 ಕೋಟಿ ಚಿನ್ನದ ದಾನ ಪೂರೈಸುವುದು ಅವನ ಹಂಬಲವಾಗಿತ್ತು. 96 ಕೋಟಿ ಮುಗಿದಾಗ ಬೊಕ್ಕಸ ಬರಿದಾಗುವುದೆಂದು ಹೆದರಿದ ಅಮಾತ್ಯರು ಯುವರಾಜ ಸಂಪದಿಯ ಮೂಲಕ ಕೋಶಾಧಿಕಾರಿಯನ್ನು ತಡೆದರು. ಅರಸ ತಾನು ಉಂಡ ಚಿನ್ನದ ತಟ್ಟೆಗಳನ್ನೇ ದಾನ ಮಾಡತೊಡಗಿದಾಗ ಬೆಳ್ಳಿಯ ತಟ್ಟೆ ಬಂತು, ಬಳಿಕ ಕಬ್ಬಿಣದ್ದು, ಕೊನೆಗೆ ಮಣ್ಣಿನದು. ಅವನ ಕೈಯಲ್ಲಿ ಉಳಿದದ್ದು ಅರ್ಧ ನೆಲ್ಲಿಕಾಯಿ. ಭೂಮಿಗೆ ಒಡೆಯ ಯಾರೆಂದು ಅವನು ಕೇಳಿದಾಗ ಅಮಾತ್ಯರು ಅವನನ್ನೇ ಹೆಸರಿಸಿದರು. ದಾಕ್ಷಿಣ್ಯಕ್ಕೆ ಸುಳ್ಳು ಹೇಳಬೇಡಿರೆಂದು ಅವನು ತಡೆದ. ಬೊಕ್ಕಸ ರಾಜ್ಯದ್ದೋ ಅರಸನದೋ ಎಂಬ ಪ್ರಶ್ನೆ ಈ ಕಥೆಯ ಒಳಗಿದೆ. ಇಲ್ಲಿ ಆಜ್ಞೆ ಮೀರಿದ ಅಮಾತ್ಯರ ಪಕ್ಷದಲ್ಲೂ ನ್ಯಾಯವಿತ್ತು.

ಕ್ರಿ.ಪೂ. 232ರ ಸುಮಾರಿಗೆ ಅಶೋಕ ತೀರಿಕೊಂಡ. ಸುಮಾರು ಅರ್ಧ ಶತಮಾನದ ನಂತರ ಕೊನೆಯ ಮೌರ್ಯ ಅರಸ ಬೃಹದ್ರಥನನ್ನು ಅವನ ಸೇನಾಪತಿ ಪುಷ್ಯಮಿತ್ರನೇ ಕೊಂದ. ಅಧಿಕಾರಿಗಳ ಸಿಟ್ಟು, ಆತುರಗಳಿಗೆ ಅಶೋಕ ಹಾಕಿದ್ದ ಕಡಿವಾಣ ಅರಸನ ಮನಸ್ಸಾಕ್ಷಿಯನ್ನೇ ನೆಚ್ಚಿಕೊಂಡಿತ್ತು. ಅನ್ಯಾಯಕ್ಕೊಳಗಾದ ಪ್ರಜೆ ಅರಸನನ್ನು ಬಿಟ್ಟು ಬೇರೆ ಯಾರ ಬಳಿಗೂ ಹೋಗುವಂತಿರಲಿಲ್ಲ. ಅರಸ ಹೋದ ಮೇಲೆ ಕಟ್ಟಳೆ ಕಲ್ಲಿನ ಮೇಲಷ್ಟೇ ಉಳಿಯಿತು, ಕಾಲ ಕಳೆದಂತೆ ಲಿಪಿಯನ್ನು ಓದುವವರೂ ಇಲ್ಲವಾದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಬಿಡಿಸಿ ಓದುವವರೆಗೆ ಆ ಮಾತುಗಳು ಮೌನವಾಗಿದ್ದವು.

ಸ್ವತಂತ್ರ ಭಾರತ 1950ರ ಜನವರಿ 26ರಂದು ಸಾರನಾಥದ ಸಿಂಹಸ್ತಂಭವನ್ನು ರಾಷ್ಟ್ರಲಾಂಛನವಾಗಿ ಸ್ವೀಕರಿಸಿತು. ಪೊಲೀಸ್ ವರಿಷ್ಠಾಧಿಕಾರಿಗಳ ಭುಜದ ಮೇಲೂ ಅದೇ ಸಿಂಹಗಳಿವೆ. ಅದೇ ದಿನ ಜಾರಿಗೆ ಬಂದ ಸಂವಿಧಾನದ 22ನೇ ವಿಧಿ, ಬಂಧಿತನಿಗೆ ಕಾರಣ ತಿಳಿಸಬೇಕೆಂದೂ 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕೆಂದೂ ವಿಧಿಸಿತು. ಅಶೋಕನ ಆಜ್ಞೆಯಲ್ಲಿ ಇಲ್ಲದಿದ್ದ ಆಸರೆ, ಅಂದರೆ ಆಳುವವರಿಂದ ಸ್ವತಂತ್ರವಾದ ನ್ಯಾಯಾಲಯ, ಪ್ರಜೆಗೆ ದೊರೆಯಿತು. ಪಶ್ಚಿಮ ಬಂಗಾಳದ ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್, ಬಂಧನದ ವೇಳೆ ಪೊಲೀಸರು ಪಾಲಿಸಬೇಕಾದ 11 ನಿಯಮಗಳನ್ನು ಗೊತ್ತುಪಡಿಸಿತು. ಅವನ್ನು ಪ್ರತಿ ಠಾಣೆಯಲ್ಲೂ ಎದ್ದು ಕಾಣುವಂತೆ ಪ್ರಕಟಿಸಬೇಕೆಂದೂ ಆದೇಶಿಸಿತು. ತಿಷ್ಯ ನಕ್ಷತ್ರದಂದು ಒಬ್ಬನಿಗಾದರೂ ಓದಿ ಹೇಳಿರೆಂದ ಹಳೆಯ ಆಜ್ಞೆಯ ಆಶಯವೂ ಇದೇ ಆಗಿತ್ತು.

ಕಾನೂನಿಗೆ ತಲೆಬಾಗುವುದು ಪ್ರಜೆಯ ಕರ್ತವ್ಯ ಎಂಬ ಮಾತನ್ನು ಠಾಣೆಗಳಲ್ಲೂ ಸಭೆಗಳಲ್ಲೂ ಪದೇ ಪದೇ ಹೇಳಲಾಗುತ್ತದೆ. ಆ ಮಾತು ಸರಿಯೇ. ಕಾನೂನಿನ ಹೆಸರಿನಲ್ಲಿ ಕೈಯೆತ್ತುವವನೂ ಅದೇ ಕಾನೂನಿನ ಅಡಿಯಲ್ಲಿದ್ದಾನೆಯೇ ಎಂದು ಕೇಳುವುದೂ ಆ ಕರ್ತವ್ಯದ ಭಾಗ. ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂದು ಮಸ್ಕಿಯ ಬಂಡೆ ಹೇಳಿದ್ದು ಧರ್ಮದ ವಿಷಯದಲ್ಲಿ. ಕಾನೂನಿಗೂ ಅದು ಅಷ್ಟೇ ಅನ್ವಯಿಸುತ್ತದೆ.